ಥಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ ಕವಿಯುವುದೇಕೆ

ಕುಣಿಯದೆ ಕೂತು ಕೇಳು ಮೇದಿನಿ, ಎಷ್ಟು ಸಲ ಹೇಳಲಿ ನಿನಗೆ?

ಭೂಮಿಯಿಂದ ಹಸಿಮಣ್ಣಿನ ವಾಸನೆ ಇನ್ನೂ ಹೋಗಿರದ ಕಾಲ. ಆಗ ಮನುಷ್ಯರೂ ದನಕರುಗಳ ಹಾಗೆ ನಾಲ್ಕು ಕಾಲಲ್ಲಿ ನಡೆಯುತ್ತಿದ್ದರು. ತಲೆ, ಗುಂಡಿಗೆ ಎರಡೂ ಒಂದೇ ಎತ್ತರದಲ್ಲಿದ್ದವು. ಗುಂಡಿಗೆ ಮೆಲ್ಲಗೆ ದೂಡಿದರೆ ಸಾಕು, ರಕ್ತ ತಲೆ ಮುಟ್ಟುತ್ತಿತ್ತು. ಎಷ್ಟು ನೆಮ್ಮದಿ! ಆದರೆ ಮನುಷ್ಯರು ನೆಮ್ಮದಿಯಾಗಿರಲು ಬಿಡುವವರೇ?

ಒಂದು ದಿನ ಚಿಗುರವ್ವ ಎಂಬ ಹೆಂಗಸು ಕೂಸಿನೊಂದಿಗೆ ಹೊಳೆಯ ನಡುವಿನ ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದಳು.

"ಮೇಲೆ ಮಳೆಯಾಗಿದೆ, ನಾನು ಏರ್ತಾ ಇದ್ದೀನಿ, ಹೋಗು ತಾಯಿ!" ಎಂದು ಹೊಳೆ ಕೂಗಿತು.

ಹೇಳಿದರೆ ಕೇಳಬೇಕಲ್ಲ? "ಇನ್ನೊಂದು ಗಳಿಗೆ" ಎಂದಳು. ನೀರು ಬಂಡೆಯ ಮೇಲಕ್ಕೇ ಬಂತು. ಇನ್ನು ನಾಲ್ಕು ಕಾಲಲ್ಲಿ ಹೋದರೆ ಇಬ್ಬರೂ ಮುಳುಗುತ್ತಾರೆ.

"ಎದ್ದು ನಿಲ್ಲು, ಕೂಸನ್ನ ಹೆಗಲಿಗೆ ಹಾಕ್ಕೋ" ಎಂದಿತು ಹೊಳೆ.

ಚಿಗುರವ್ವ ಥಟ್ಟನೆ ಎದ್ದಳು. ರಕ್ತವೆಲ್ಲ ಸರ್ರನೆ ಕಾಲಿಗಿಳಿಯಿತು. ಕಣ್ಣಿಗೆ ಕತ್ತಲೆ ಕವಿದು ಧೊಪ್ಪೆಂದು ಬಿದ್ದಳು. ಕೂಸು ನೀರುಪಾಲಾಗುವುದರಲ್ಲಿತ್ತು. ಮತ್ತೆ ಎದ್ದಳು, ಮತ್ತೆ ಬಿದ್ದಳು.

"ಏ ರಕ್ತ, ಮೇಲೆ ಬಾರೋ!" ಗುಂಡಿಗೆ ಕಿರುಚಿತು.

"ಇಳಿಯೋದು ಸುಲಭ. ಹತ್ತೋದು ಯಾರ ಕೈಲಾಗುತ್ತೆ?" ಎಂದಿತು ರಕ್ತ.

ಗುಂಡಿಗೆಗೆ ರೋಸಿಹೋಯಿತು. "ಕಾಲಿನ ರಕ್ತನಾಳಗಳೇ, ಸಡಿಲವಾಗಿ ಬಿದ್ಕೊಂಡಿದ್ದೀರಲ್ಲ, ಬಿಗಿಯಾಗ್ರೋ! ನಾನೊಬ್ಬನೇ ಎಷ್ಟಂತ ದೂಡಲಿ?"

"ಆಗ್ತೀವಿ. ನಾಲ್ಕು ಉಸಿರಿನಷ್ಟು ಹೊತ್ತು ಬೇಕು" ಎಂದವು ನಾಳಗಳು.

"ಕೇಳಿತೇನಮ್ಮಾ?" ಗುಂಡಿಗೆ ಚಿಗುರವ್ವನನ್ನು ಗದರಿತು. "ಮೊದಲು ಕೂತ್ಕೋ. ಮೊಣಕಾಲು ಹಿಡಿದು ನಾಲ್ಕು ಸಲ ಉಸಿರಾಡೋವರೆಗೆ ತಡಿ. ಆಮೇಲೆ ಮೆಲ್ಲಗೆ ಏಳು. ಪ್ರತಿ ಸಲವೂ ಹೀಗೇ ಅಂತ ಮಾತು ಕೊಡು!"

"ಕೊಟ್ಟೆ, ಕೊಟ್ಟೆ!"

ನೀರು ಸೊಂಟಕ್ಕೆ ಬಂದಿತ್ತು. ಕೂಸು ಅಳುತ್ತಿತ್ತು. ಆದರೂ ಅವಳು ತಡೆದಳು. ಒಂದು, ಎರಡು, ಮೂರು, ನಾಲ್ಕು. ನಾಳಗಳು ಬಿಗಿದವು, ಗುಂಡಿಗೆ ಜೋರಾಗಿ ದೂಡಿತು, ರಕ್ತ ಗೊಣಗುತ್ತ ತಲೆಗೆ ಏರಿತು. ಆ ದೂಡುವ ಬಲಕ್ಕೇ ಡಾಕ್ಟರು ರಕ್ತದೊತ್ತಡ ಅನ್ನುವುದು. ಚಿಗುರವ್ವ ಎರಡು ಕಾಲ ಮೇಲೆ ನಿಂತಳು, ಕೂಸನ್ನು ಹೆಗಲ ಮೇಲೆ ಹೊತ್ತು ದಡ ಸೇರಿದಳು.

ಸೇರಿ ಮಾಡಿದ್ದೇನು? ಕೂತು ಕೂಸಿನ ತಲೆ ಒರೆಸುತ್ತಿದ್ದವಳಿಗೆ ನೇರಳೆ ಹಣ್ಣು ಕಂಡಿತು. ಛಂಗನೆ ಎದ್ದಳು! ಮತ್ತೆ ಕಣ್ಣಿಗೆ ಕತ್ತಲೆ.

"ಹೇಳಿ ಹೇಳಿ ಸಾಕಾಯ್ತು ನನಗೆ!" ಎಂದು ಗುಂಡಿಗೆ ಧಡಧಡ ಬಡಿದುಕೊಂಡಿತು.

ಅದಕ್ಕೇ ಈಗಲೂ ನೀನು ಚಾಪೆಯಿಂದ ಹಾರಿ ಎದ್ದಾಗ ಕಣ್ಣಿಗೆ ಕತ್ತಲೆ ಬಂದು ಎದೆ ಬೈಯುವುದು. ಚಿಗುರವ್ವ ಕೊಟ್ಟ ಮಾತನ್ನು ಈ ಮನೆಯಲ್ಲಿ ನಡೆಸುತ್ತಿರುವವರು ಉಂಡು ಏಳುವ ಮೊದಲು ಊಟದೆಲೆಯ ಮುಂದೆ ಮೊಣಕಾಲು ಹಿಡಿದು ಒಂದಿಷ್ಟು ಹೊತ್ತು ಕೂರುವ ನಿಮ್ಮಜ್ಜ ಒಬ್ಬರೇ, ಅವರನ್ನೂ "ಬೇಗ ಏಳಜ್ಜಾ" ಅಂತ ಕೈಹಿಡಿದು ಎಳೆಯುತ್ತೀಯಲ್ಲೇ!