ಹಲಗೆ ಕೊಟ್ಟವರು

“ಗುರುಗಳೇ, ಸಾವಿರಾರು ಜನ ನೋಡುತ್ತಾರೆ, ಕೊಡುವವರು ಮಾತ್ರ ಒಬ್ಬರೂ ಇಲ್ಲ. ಯಾಕೆ ಹೀಗೆ?” ಎಂದು ಮರುಳಸಿದ್ಧ ಕೇಳಿದ.

ಮರುಳಸಿದ್ಧ ಗುರುಗಳ ಹಳೆಯ ಶಿಷ್ಯ. ಕಿವಿ ಕೇಳದ ಮಕ್ಕಳಿಗಾಗಿ ಒಂದು ಶಾಲೆ ನಡೆಸುತ್ತಿದ್ದ. ದೂರದ ಹಟ್ಟಿಗಳಿಂದ ಮಕ್ಕಳನ್ನು ಕರೆತರುತ್ತಿದ್ದ ವ್ಯಾನು ಕೆಟ್ಟು ಮೂಲೆ ಸೇರಿತ್ತು. ರಜೆ ಮುಗಿಯುವುದರೊಳಗೆ ಬೇರೆಯದು ಬಾರದಿದ್ದರೆ ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಆ ಚಿಂತೆಯಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ವ್ಯಾನಿಗೆ ಹಣ ಕೇಳಿ ಅಲಂಕಾರವಾಗಿ ಒಂದು ವಿನಂತಿಯ ಚಿತ್ರ ಮಾಡಿಸಿ ತನಗೆ ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದ್ದ. ಅದನ್ನೇ ಗುರುಗಳ ಮುಂದೆ ಹಿಡಿದ.

ಗುರುಗಳು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಫೋನನ್ನು ಚಾಪೆಯ ಮೇಲೆ ಮಗುಚಿಟ್ಟರು. ಆಮೇಲೆ ಕತೆ ಶುರು ಮಾಡಿದರು.

ಒಂದು ಹೊಳೆ. ಅದಕ್ಕೆ ಸೇತುವೆ ಇಲ್ಲ. ಆಚೆ ದಡದ ಊರಿನಲ್ಲಿ ಒಬ್ಬ ದಾದಿ ಇದ್ದಳು. ಆಸ್ಪತ್ರೆ ಈಚೆ ದಡದಲ್ಲಿ. ಹಿಂದಿನ ಮಳೆಗಾಲದಲ್ಲಿ ಒಬ್ಬ ಹೆಂಗಸು ಹೆರಿಗೆ ನೋವಿನಲ್ಲಿ ದಡದ ಮೇಲೆ ಕಾದಳು. ತೂತು ಬಿದ್ದ ಹಳೆಯ ದೋಣಿಯನ್ನು ತುಂಬಿದ ಹೊಳೆಗೆ ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮಗು ಉಳಿಯಲಿಲ್ಲ. ಈಗ ಅವಳು ಮತ್ತೆ ಬಸುರಿ. ಮಳೆಗಾಲವೂ ಹತ್ತಿರ ಬರುತ್ತಿತ್ತು.

ಊರಿನಲ್ಲಿ ಒಂದು ಸೇವಾ ಸಂಘವಿತ್ತು. ಅದಕ್ಕೆ ಒಬ್ಬ ವರ್ತಕ ಅಧ್ಯಕ್ಷ. ಒಳ್ಳೆಯ ಮನುಷ್ಯ, ಆದರೆ ತನ್ನ ಮುಖದ ಮೇಲೆ ಅವನಿಗೆ ಪ್ರೀತಿ ಸ್ವಲ್ಪ ಜಾಸ್ತಿ. ದೋಣಿಗಾಗಿ ಅವನೊಂದು ವಿನಂತಿ ಹೊರಡಿಸಿದ. ಮೇಲೆ ಅಧ್ಯಕ್ಷರ ಫೋಟೋ, ಪಕ್ಕದಲ್ಲಿ ಗೌರವಾಧ್ಯಕ್ಷರು, ಕೆಳಗೆ ಉಪಾಧ್ಯಕ್ಷರು, ಖಜಾಂಚಿ, ಎಲ್ಲರಿಗೂ ಶಾಲು, ಎಲ್ಲರಿಗೂ ಹಾರ. ಅದರಲ್ಲಿ ದೋಣಿಯನ್ನು ಹುಡುಕಬೇಕಿತ್ತು. “ಉದಾರ ದಾನಿಗಳು ತನು ಮನ ಧನದಿಂದ ಸಹಕರಿಸಬೇಕು” ಎಂದು ಬರೆದಿತ್ತು. ಯಾರಿಗಾಗಿ ಎಂದು ಬರೆದಿರಲಿಲ್ಲ.

ವಿನಂತಿ ನೂರಾರು ಗುಂಪುಗಳಿಗೆ ಹೋಯಿತು. ಕೈ ಮುಗಿದ ಚಿತ್ರಗಳು ಬಂದವು, ಹೂವಿನ ಚಿತ್ರಗಳು ಬಂದವು. ಹಣ ಬರಲಿಲ್ಲ. ಜನರಲ್ಲಿ ಧರ್ಮವೇ ಉಳಿದಿಲ್ಲ ಎಂದು ವರ್ತಕ ಬೇಜಾರು ಮಾಡಿಕೊಂಡು ಅಂಗಡಿಗೆ ಹೋದ.

ದಾದಿ ಬಸುರಿಯ ಮನೆಗೆ ಹೋದಳು.

“ನಿನ್ನ ಸಂಗತಿ ನಾಲ್ಕು ಜನಕ್ಕೆ ಹೇಳಲೇನಮ್ಮ?” ಎಂದು ಕೇಳಿದಳು.

“ಹೇಳಿ ಅಕ್ಕಾ. ಆದ್ರೆ ಅಯ್ಯೋ ಪಾಪ ಅನ್ನೋ ಹಾಗೆ ಹೇಳ್ಬೇಡಿ. ಈ ಸಲ ದಾಟ್ತೀನಿ ಅಂತಿದ್ದಾಳೆ ಅಂತ ಹೇಳಿ.”

ದಾದಿ ಅವಳನ್ನು ಹೊಳೆಯ ದಡದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದಳು. ಸೊಂಟದ ಮೇಲೆ ಕೈ ಇಟ್ಟು, ಹೊಳೆಯ ಜೊತೆ ಜಗಳಕ್ಕೆ ನಿಂತವಳಂತೆ ಅವಳು ನಿಂತಿದ್ದಳು. ಫೋಟೋದ ಕೆಳಗೆ ದಾದಿ ಹೀಗೆ ಬರೆದಳು: ‘ಈಕೆಗೆ ಮಳೆಗಾಲದಲ್ಲಿ ಹೆರಿಗೆ. ಆಸ್ಪತ್ರೆ ಹೊಳೆಯ ಇನ್ನೊಂದು ದಡದಲ್ಲಿದೆ. ಈ ಸಲ ದಾಟುತ್ತೇನೆ ಅನ್ನುತ್ತಿದ್ದಾಳೆ. ದೋಣಿಗೆ ನೀವು ಒಂದು ಹಲಗೆ ಕೊಡುತ್ತೀರಾ?’ ಒಂದು ಹಲಗೆಗೆ ಎಷ್ಟಾಗುತ್ತದೆ, ಎಲ್ಲಿಗೆ ಕಳಿಸಬೇಕು ಎಂಬುದನ್ನೂ ಸೇರಿಸಿದಳು.

ಮೊದಲು ಕೊಟ್ಟವನು ದೂರದ ಊರಿನ ಒಬ್ಬ ದರ್ಜಿ. ಕೊಟ್ಟದ್ದು ಅರ್ಧ ಹಲಗೆಯ ಹಣ. ಅಂದೇ ದಾದಿ ಬಡಗಿಯಿಂದ ಒಂದು ಹಲಗೆ ಕೊಯ್ಯಿಸಿ, ಅದರ ಫೋಟೋ ತೆಗೆದು, “ಇದರಲ್ಲಿ ಅರ್ಧ ನಿಮ್ಮದು” ಎಂದು ಕಳಿಸಿದಳು. ದರ್ಜಿಗೆ ಹಿಗ್ಗು ತಡೆಯಲಾಗಲಿಲ್ಲ. “ನನ್ನ ಹಲಗೆ ನೋಡಿ” ಎಂದು ನೆಂಟರಿಷ್ಟರಿಗೆಲ್ಲ ಕಳಿಸಿದ. ಉಳಿದರ್ಧವನ್ನು ಅವನ ತಂಗಿ ಕೊಟ್ಟಳು. ನೆಂಟರು ತಮಗೂ ಒಂದೊಂದು ಬೇಕೆಂದರು. ಅವರ ನೆಂಟರೂ ಕೇಳಿದರು.

ದಾದಿ ಪ್ರತಿಯೊಬ್ಬರಿಗೂ ಉತ್ತರ ಬರೆಯುತ್ತಿದ್ದಳು. ವರ್ತಕನಿಗೆ ಇದು ಹಿಡಿಸಲಿಲ್ಲ.

“ಅಲ್ಲಮ್ಮ, ಹತ್ತು ರೂಪಾಯಿ ಕೊಟ್ಟವನಿಗೂ ಉತ್ತರ ಬರೀತಾ ಕೂತ್ರೆ ದೋಣಿ ಯಾವಾಗ ಆಗೋದು?”

“ಯಜಮಾನ್ರೇ, ನಿಮ್ಮ ಗದ್ದೆಗೆ ಮುಯ್ಯಾಳಾಗಿ ಬಂದವರನ್ನ ಊಟ ಹಾಕದೆ ಕಳಿಸಿದ್ದೀರಾ?”

ಅವರ ಸೀಮೆಯಲ್ಲಿ ನಾಟಿಯ ಕಾಲಕ್ಕೆ ಒಬ್ಬರ ಗದ್ದೆಗೆ ಇನ್ನೊಬ್ಬರು ಕೂಲಿಯಿಲ್ಲದೆ ಬರುತ್ತಾರೆ. ಬಂದವರಿಗೆ ಎಲೆ ಹಾಕಿ ಬಡಿಸದಿದ್ದರೆ ಮರುವರ್ಷ ಆ ಗದ್ದೆ ಹಾಗೇ ಬಿದ್ದಿರುತ್ತದೆ. ವರ್ತಕನಿಗೆ ಅದು ಚೆನ್ನಾಗಿ ಗೊತ್ತಿತ್ತು. ತಲೆ ಕೆರೆದುಕೊಂಡು ಎದ್ದು ಹೋದ.

ನಡುವೆ ಒಂದು ಹಲಗೆ ಸೀಳಿತು. ಇದನ್ನು ಯಾರಿಗೂ ಹೇಳಬೇಡ ಎಂದು ಸಂಘದವರು ಅಂದರು. ದಾದಿ ಸೀಳಿದ ಹಲಗೆಯ ಫೋಟೋವನ್ನೂ ಹಾಕಿದಳು. ಆ ಹಲಗೆ ಕೊಟ್ಟಿದ್ದ ಮೇಷ್ಟರು ಬೈಯಲಿಲ್ಲ, ಇನ್ನೊಂದು ಹಲಗೆ ಕೊಟ್ಟರು. ಇಷ್ಟು ದಿನ ಸುಮ್ಮನೆ ನೋಡುತ್ತಿದ್ದವರೂ ಅಂದು ಕೊಡಲು ಶುರು ಮಾಡಿದರು. ಹಲಗೆಗಳು ಮುಗಿದವು. ದೋಣಿಗೆ ಹಾಕುವ ಯಂತ್ರವೂ ಬಂತು. ದೋಣಿ ನೀರಿಗಿಳಿದ ದಿನ ದಾದಿ ನಗುತ್ತಲೇ ಅತ್ತಳು.

ಮಳೆ ಹಿಡಿಯಿತು. ಹೊಳೆ ದಡ ಮೀರಿ ಹರಿಯುತ್ತಿದ್ದ ಒಂದು ಬೆಳಿಗ್ಗೆ ಬಸುರಿಗೆ ನೋವು ಕಾಣಿಸಿತು. ದೋಣಿ ಹೊರಟಿತು ಎಂದು ದಾದಿ ಎಲ್ಲರಿಗೂ ಒಂದು ಸಾಲು ಕಳಿಸಿ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆ ಹೊಳೆಯನ್ನು ಕಣ್ಣಾರೆ ಕಾಣದ ಜನ ಅಂದು ತಮ್ಮ ತಮ್ಮ ಊರುಗಳಲ್ಲಿ ಕೆಲಸ ಬಿಟ್ಟು ಕಾದರು. ದರ್ಜಿ ಹೊಲಿಗೆ ಯಂತ್ರದ ಮುಂದೆ ಬರಿದೇ ಕೂತಿದ್ದ. ಮೇಷ್ಟರು ಪಾಠ ನಿಲ್ಲಿಸಿದ್ದರು.

ಮಧ್ಯಾಹ್ನ ಒಂದು ಫೋಟೋ ಬಂತು. ಆಸ್ಪತ್ರೆಯ ಮಂಚ, ತಾಯಿ, ಅವಳ ಮಗ್ಗುಲಲ್ಲಿ ಮುಷ್ಟಿ ಬಿಗಿದ ಹೆಣ್ಣು ಕೂಸು. ಕೆಳಗೆ ಬರೆದಿತ್ತು: ‘ದಾಟಿದೆವು.’

ದರ್ಜಿ ಬೀದಿಗೆಲ್ಲ ಪೇಡ ಹಂಚಿದ. ಯಾರು ದಾಟಿದ್ದು ಎಂದು ಕೇಳಿದವರಿಗೆ “ನಾವು” ಅಂದ. ಇನ್ನೊಂದು ದೋಣಿ ಯಾವಾಗ ಎಂದು ಜನರೇ ಕೇಳತೊಡಗಿದರು. ಕೆಲವರು ಕೇಳುವ ಮೊದಲೇ ಹಲಗೆಯ ಹಣ ಕಳಿಸಿದ್ದರು.

ಅಂದು ತೆಗೆದ ಇನ್ನೊಂದು ಫೋಟೋ ಇತ್ತು. ಪಂಚೆ ಮೇಲೆ ಕಟ್ಟಿ, ಎದೆಮಟ್ಟದ ನೀರಿನಲ್ಲಿ ನಿಂತು ಒಬ್ಬ ಮನುಷ್ಯ ದೋಣಿಯನ್ನು ತಳ್ಳುತ್ತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಅವನು ವರ್ತಕ. ತನ್ನ ಫೋಟೋಗಳಲ್ಲೆಲ್ಲ ಅದೇ ಚೆನ್ನಾಗಿದೆ ಎಂದು ಅವನೇ ಎಲ್ಲರಿಗೂ ತೋರಿಸುತ್ತ ತಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಕಣ್ಣು ತುಂಬಿತ್ತು, ಮುಖ ಅರಳಿತ್ತು. ವ್ಯಾನು ಆಗಲೇ ಬಂದು ಶಾಲೆಯ ಬಾಗಿಲಲ್ಲಿ ನಿಂತ ಹಾಗೆ ಅವನು ಎದ್ದು ನಿಂತ.

“ಈಗಲೇ ಹೋಗಿ ಹೊಸದಾಗಿ ಬರೆಯುತ್ತೇನೆ ಗುರುಗಳೇ. ಎಲ್ಲಿಂದ ಶುರು ಮಾಡಲಿ, ಅಷ್ಟು ಹೇಳಿ.”

ಗುರುಗಳು ಮಗುಚಿಟ್ಟಿದ್ದ ಫೋನನ್ನು ತಿರುಗಿಸಿ ಅವನ ಕೈಗೆ ಕೊಟ್ಟರು. ವಿನಂತಿ ಹಾಗೆಯೇ ತೆರೆದಿತ್ತು. ಮುಕ್ಕಾಲು ಪಾಲು ತುಂಬಿಕೊಂಡು, ತಲೆಯ ಹಿಂದೆ ಬಂಗಾರದ ಪ್ರಭಾವಳಿ ಇಟ್ಟುಕೊಂಡು, ಗುರುಗಳೇ ಅದರಲ್ಲಿ ಕುಳಿತಿದ್ದರು. ಮಕ್ಕಳು ಎಲ್ಲೂ ಇರಲಿಲ್ಲ.

“ಮೊದಲು ನನ್ನನ್ನು ಅಲ್ಲಿಂದ ಇಳಿಸಪ್ಪ, ಮಕ್ಕಳು ಹತ್ತಲಿ,” ಎಂದರು ಗುರುಗಳು.