ತೊಟ್ಟಿಲಲ್ಲಿ ಆಡಿದ ಮಾತು

ಹೊಳೆದಂಡೆಯ ಮಠದಲ್ಲಿ ಗುರು ಅಡವಯ್ಯನಿಗೆ ಇದ್ದವನು ಒಬ್ಬನೇ ಶಿಷ್ಯ, ಮಲ್ಲಿದೇವ. ಊರಿನ ಪಾರೋತಿ ಮದುವೆಗೆ ಒಲ್ಲೆ ಎಂದಳೆಂದು ಕಾವಿ ಉಟ್ಟವನು. ಬಾಯಲ್ಲಿ ವೈರಾಗ್ಯ, ಕಣ್ಣು ಮಾತ್ರ ಅವಳ ಮನೆ ಕಡೆಗೇ.

ಓಲೆಗರಿಯಲ್ಲಿ ಅವನಿಗೊಂದು ಸಂಸ್ಕೃತದ ಮಾತು ಸಿಕ್ಕಿತು. ನಶ್ವರ. ಉಳಿಯದ್ದು ಎಂದರ್ಥ. ಒಲೆಯ ಮುಂದೆ ಯಾರೂ ಆಡದ ಮಾತು, ಇವನಿಗೋ ಬೆಲ್ಲದಚ್ಚು. ನಶ್ವರ ಗಡಿಗೆ, ನಶ್ವರ ಎಮ್ಮೆ, ನಶ್ವರ ಹೋಳಿಗೆ! ಹೋಳಿಗೆ ಮಾತ್ರ ನಾಲ್ಕು ಹಾಕಿಸಿಕೊಳ್ಳುತ್ತಿದ್ದ.

ಬೇರೊಬ್ಬನನ್ನು ಮದುವೆಯಾದ ಏಳು ವರ್ಷಕ್ಕೆ ಪಾರೋತಿಗೆ ಹೆಣ್ಣುಕೂಸಾಯಿತು. ತೊಟ್ಟಿಲಿಗೆ ಹಾಕುವ ದಿನ ಮಠದವರು ಹೆಸರಿಗೊಂದು ಒಳ್ಳೆ ಮಾತು ಸೇರಿಸಿ, ಕೂಸನ್ನು ಮೂರು ಸಲ ಕರೆಯುವುದು ಆ ಊರ ಪದ್ಧತಿ.

ಮಲ್ಲಿದೇವ ತೊಟ್ಟಿಲಿಗೆ ಬಗ್ಗಿದ.

"ನಶ್ವರ ಹೊನ್ನವ್ವ" ಎಂದ. ಮೂರು ಸಲ.

ಅಳುತ್ತಿದ್ದ ಕೂಸು ಗಪ್ಪಾಯಿತು. ಆಮೇಲೆ ಅಳಲೇ ಇಲ್ಲ, ಮೊಲೆಗೆ ಬಾಯಿ ಹಚ್ಚಲಿಲ್ಲ. ಕಣ್ಣು ಬಿಟ್ಟುಕೊಂಡು ಹೊಳೆಯ ದಿಕ್ಕಿಗೇ ನೋಡುತ್ತಿತ್ತು.

ಮರುದಿನ ಪಾರೋತಿ ಕೂಸನ್ನೆತ್ತಿಕೊಂಡು ಮಠಕ್ಕೆ ಬಂದಳು.

"ಅಜ್ಜಾರೇ, ಆ ಮಾತು ಹಿಂದಕ್ಕೆ ತಗೊಳ್ಳೋಕೆ ಹೇಳಿ ಇವನಿಗೆ."

"ಸುಳ್ಳು ಹೇಳಿದೆನೇ?" ಎಂದ ಮಲ್ಲಿದೇವ. "ಹುಟ್ಟಿದ್ದೆಲ್ಲ ನಶ್ವರವೇ ಅಲ್ಲವೇ, ಗುರುಗಳೇ?"

"ಹೌದಪ್ಪ. ಆದರೆ ನೀನು ಅಂದದ್ದು ಜ್ಞಾನದಿಂದಲೋ, ಹೊಟ್ಟೆಕಿಚ್ಚಿನಿಂದಲೋ?"

ಶಿಷ್ಯನ ಕಣ್ಣು ಪಾರೋತಿಯ ಕಡೆಗೆ ಹೊರಳಿತು.

"ಗಡಿಗೆಗೆ ಅಂದೆ, ಎಮ್ಮೆಗೆ ಅಂದೆ, ಕೂಸಿಗೂ ಅಂದೆ. ನಿನ್ನ ಹೆಸರಿಗೆ ಸೇರಿಸಿದ್ದೀಯಾ?"

"ಇಲ್ಲ."

"ಹೊಳೆಗೆ ಮುಖ ಮಾಡಿ, ಆ ಮಾತು ಸೇರಿಸಿ ನಿನ್ನನ್ನೇ ಮೂರು ಸಲ ಕರೆದುಕೋ. ಮಾತು ಕೂಸನ್ನು ಬಿಟ್ಟು ನಿನ್ನ ಹತ್ತಿರ ಬರುತ್ತದೆ."

ಮಲ್ಲಿದೇವ ಮೊಣಕಾಲುದ್ದ ನೀರಿಗಿಳಿದ. ಅಷ್ಟು ಸಲೀಸಾಗಿ ಹೊರಳುತ್ತಿದ್ದ ನಾಲಿಗೆ ಈಗ ಅಂಗುಳಿಗೆ ಅಂಟಿತು.

ಕೂಸಿನ ತುಟಿ ನೀಲಿಗಟ್ಟುತ್ತಿತ್ತು.

"ಈಗೇನಾಯ್ತೋ ನಿನ್ನ ಬಾಯಿಗೆ?" ಎಂದು ಪಾರೋತಿ ಕಿರುಚಿದಳು. "ಹೋಳಿಗೆ ತುರುಕಿದ್ದೀಯಾ?"

"ನಶ್ವರ ಮಲ್ಲಿದೇವ" ಎಂದ. ನೀರು ಸದ್ದಡಗಿಸಿತು.

ಎರಡನೇ ಸಲ ಎಂದ. ಕಾಲಿನ ಸುತ್ತ ತಣ್ಣಗಾಯಿತು.

ಮೂರನೇ ಸಲಕ್ಕೆ ಆಚೆ ದಡದ ಮಂಜಿನೊಳಗಿಂದ ಯಾರೋ "ಓ" ಎಂದರು.

ಬೆನ್ನ ಹಿಂದೆ ದಡದಲ್ಲಿ ಕೂಸು ಕಿಟಾರನೆ ಅತ್ತಿತು. ಪಾರೋತಿ ಅದನ್ನು ಎದೆಗವಚಿಕೊಂಡು ತಿರುಗಿ ನೋಡದೆ ಓಡಿದಳು.

ಮಲ್ಲಿದೇವ ನಡುಗುತ್ತ ದಡ ಹತ್ತಿದ. ಗುರು ಕಂಬಳಿ ಮಡಚಿ ಗಂಟು ಕಟ್ಟುತ್ತಿದ್ದ.

"ಗುರುಗಳೇ, ಅದು ನನ್ನದೇ ದನಿ! ಆಚೆ ಇರುವವನು ಯಾರು?"

"ಕೊನೆಗೆ ನಿನ್ನನ್ನು ಕರೆದೊಯ್ಯಲು ಬರುವವನು. ಹೆದರಬೇಡ. ನಿನ್ನವನು ಇನ್ನೂ ಆ ದಡದಲ್ಲೇ ನಿಂತಿದ್ದಾನೆ. ನನ್ನವನು ಬೆಳಿಗ್ಗೆಯೇ ಈ ದಡಕ್ಕೆ ದೋಣಿ ಹತ್ತಿದ."