ಹಸಿ ಮಡಕೆಯ ಪಾಠ

“ಮೇಡಂ, ಹುಡುಗರಿಗೆ ಗೊತ್ತಿರುವಷ್ಟೂ ನನಗೆ ಗೊತ್ತಿಲ್ಲದಿದ್ದರೆ, ಅವರ ಮುಂದೆ ಮುಖ್ಯಸ್ಥೆ ಅಂತ ನಾನು ಹೇಗೆ ನಿಲ್ಲಲಿ?”

ಕೇಳಿದವಳು ವಿನುತಾ. ವಿಶ್ವವಿದ್ಯಾಲಯವೊಂದರಲ್ಲಿ ದೃಶ್ಯ-ಶ್ರವ್ಯ ಮಾಧ್ಯಮ ಕಲಿಸುವ ವಿಭಾಗಕ್ಕೆ ಅವಳನ್ನು ಮುಖ್ಯಸ್ಥೆಯಾಗಿ ನೇಮಿಸಿದ್ದರು. ಆದೇಶ ಕೈಗೆ ಬಂದು ನಾಲ್ಕು ದಿನವಾಗಿತ್ತು. ಒಪ್ಪಿಗೆಯ ಪತ್ರ ಬರೆದು ಚೀಲದಲ್ಲಿಟ್ಟುಕೊಂಡು ಓಡಾಡುತ್ತಿದ್ದಳೇ ಹೊರತು ಕೊಟ್ಟಿರಲಿಲ್ಲ. ಹಿಂದಿನ ವಾರ ಅಲ್ಲಿಯ ಸ್ಟುಡಿಯೊ ನೋಡಲು ಹೋಗಿದ್ದಾಗ, ಎರಡನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಇವಳು ಕ್ಯಾಮೆರಾ ಹಿಡಿದ ರೀತಿ ನೋಡಿ, “ಮಿಸ್, ಈ ಮಾಡೆಲ್ ಹಾಗೆ ಹಿಡಿಯೋದಲ್ಲ” ಎಂದು ಮೆಲ್ಲಗೆ ತಿದ್ದಿದ್ದಳು. ಆ ಮೆಲುದನಿಯೇ ಹೆಚ್ಚು ಚುಚ್ಚಿತ್ತು.

ಅವಳಿಗೆ ಒಂದು ಕಾಲದಲ್ಲಿ ಪಾಠ ಹೇಳಿದ್ದ ಅಂಬುಜಾಕ್ಷಿ ಮೇಡಂ ಊರಿಗೆ ಹೊರಟಿದ್ದರು. ನಿವೃತ್ತರಾದ ಮೇಲೆ ಅವರು ಒಂದು ಕಡೆ ನಿಂತದ್ದನ್ನು ಕಂಡವರಿಲ್ಲ. ಸೀರೆ ಮಡಿಸಿ ಸೂಟ್‌ಕೇಸಿಗೆ ತುಂಬುತ್ತಲೇ ಹೇಳಿದರು, “ಉತ್ತರ ನನಗೆ ಗೊತ್ತಿಲ್ಲ. ಒಂದು ಕತೆ ಗೊತ್ತು. ರೈಲಿಗೆ ಇನ್ನೂ ಹೊತ್ತಿದೆ, ಕೂತ್ಕೊ.”

ವಿನುತಾ ಕೂತಳು. ಮೇಡಂ ಕತೆ ಹೇಳಿದರು.

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ಮೇಷ್ಟ್ರಿದ್ದರು. ಅವರ ವಿಭಾಗವೆಂದರೆ ಒಂದು ಕಬ್ಬಿಣದ ಬೀರು. ಅದರೊಳಗೆ ಒಂದು ಸ್ಲೈಡ್ ಪ್ರೊಜೆಕ್ಟರು, ಒಂದು ಟೇಪ್ ರೆಕಾರ್ಡರು, ಒಂದು ಬಿಳಿ ಪಂಚೆ. ಯಾವ ವಿಭಾಗದವರು ಕರೆದರೂ ಇಷ್ಟನ್ನೂ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದುಕೊಂಡು ಹೋಗುವರು. ಪಂಚೆ ಕಟ್ಟಿ, ಹೂವಿನ ಒಳಗಿನದನ್ನೋ ಹಳೆಯ ಶಾಸನವನ್ನೋ ತೋರಿಸಿ, ಮತ್ತೆ ಬಿಗಿದುಕೊಂಡು ಬರುವರು. ಉಳಿದ ಅಧ್ಯಾಪಕರು ಅವರಿಗೆ ‘ಟೆಂಟ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. “ಟಿಕೆಟ್ ಇಲ್ಲದ ಟೆಂಟು ಸ್ವಾಮಿ, ನೀವೆಲ್ಲ ಪುಣ್ಯವಂತರು” ಎಂದು ಅವರೂ ನಗುವರು. ನಕ್ಕು ಕುಲಪತಿಗಳಿಗೆ ಇನ್ನೊಂದು ಅರ್ಜಿ ಬರೆಯುವರು.

ಅರ್ಜಿ ಬರೆದು ಬರೆದು ಬೀರು ಒಂದು ಕೋಣೆಯಾಯಿತು. ಕ್ಯಾಂಟೀನಿನಿಂದ ಖಾಲಿ ಗೋಣಿಚೀಲ ಕೇಳಿ ತಂದು ಗೋಡೆಗೆ ಹೊಡೆದರು. ಅದು ಧ್ವನಿಮುದ್ರಣದ ಕೊಠಡಿ. ಅಲ್ಲಿ ಮಾತಾಡಿದವರೆಲ್ಲ ಮೈಗೆ ಅಕ್ಕಿಯ ಧೂಳು ಮೆತ್ತಿಕೊಂಡು ಸೀನುತ್ತ ಹೊರಗೆ ಬರುತ್ತಿದ್ದರು. ಅದೇ ಕೋಣೆಯಲ್ಲಿ ಮೂರು ತಿಂಗಳ ತರಬೇತಿ ಶುರುವಾಯಿತು. ಆರು ವರ್ಷ ಕಳೆದ ಮೇಲೆ ನಿಜವಾದ ಸ್ಟುಡಿಯೊ ಬಂತು. ಎರಡು ಪದರದ ಬಾಗಿಲು, ಹೊರಗಿನ ಕಾಗೆಯ ಕೂಗೂ ಒಳಗೆ ಬಾರದ ಗೋಡೆ, ಬಾಗಿಲ ಮೇಲೆ ಚಿತ್ರೀಕರಣ ನಡೆಯುವಾಗ ಉರಿಯುವ ಒಂದು ಕೆಂಪು ದೀಪ. ಮೇಷ್ಟ್ರು ಮೊದಲ ದಿನ ಆ ದೀಪವನ್ನು ಏಳು ಸಲ ಹಾಕಿ ಆರಿಸಿದರಂತೆ.

ಸ್ಟುಡಿಯೊ ಆಯಿತು, ಪದವಿ ತರಗತಿಗೆ ಒಪ್ಪಿಗೆ ಸಿಗಬೇಕಿತ್ತು. ಪದವಿ ಬಂದೇ ಬರುತ್ತದೆ ಎಂಬ ಮೇಷ್ಟ್ರ ಮಾತು ನಂಬಿ ಹನ್ನೊಂದು ಮಂದಿ ಬೇರೆ ಓದು ಬಿಟ್ಟು ಬಂದು ಸೇರಿದ್ದರು. ತಜ್ಞರ ಸಮಿತಿಯೊಂದು ಬಂದು ನೋಡಿ ತೀರ್ಮಾನ ಹೇಳುವುದೆಂದಾಯಿತು. ಸಮಿತಿ ಕೇಳಿದ್ದು ಒಂದೇ: ಈ ಸೀಮೆಯ ಯಾವುದಾದರೊಂದು ಕೈಕೆಲಸದ ಮೇಲೆ ವಿದ್ಯಾರ್ಥಿಗಳೇ ತಯಾರಿಸಿದ ಅರ್ಧ ಗಂಟೆಯ ಪಾಠ. ಅದನ್ನು ನೋಡಿದವನಿಗೆ ಆ ಕೆಲಸ ಅರ್ಥವಾಗಬೇಕು. ಆಗದಿದ್ದರೆ ಪದವಿ ಇಲ್ಲ. ಹನ್ನೊಂದು ಮಂದಿಯೂ ವರ್ಷ ಕಳೆದುಕೊಂಡು, ಮೂರು ತಿಂಗಳ ತರಬೇತಿಯ ಚೀಟಿ ಹಿಡಿದು ಮನೆಗೆ ಹೋಗಬೇಕು.

ವಿದ್ಯಾರ್ಥಿಗಳು ಮಡಕೆಯ ಕೆಲಸ ಆರಿಸಿಕೊಂಡರು. ಹತ್ತಿರದ ಹಳ್ಳಿಯಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಆ ಸೀಮೆಯಲ್ಲಿ ಮಣ್ಣು ತಿರುಗಿಸುವ ಚಕ್ರ, ಅಂದರೆ ತಿಗುರಿ, ಗಂಡಸರದು, ತಟ್ಟುವುದು ಹೆಂಗಸರದು. ತಿಗುರಿಯಿಂದ ಇಳಿದ ಮಡಕೆಗೆ ತಳ ಇರುವುದಿಲ್ಲ. ಅದು ಅರ್ಧ ಆರಿದ ಮೇಲೆ ಒಳಗೆ ಒಂದು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಕೂಡಿಸಬೇಕು. ಕುಂಬಾರಗಿತ್ತಿ ನಲವತ್ತು ವರ್ಷದಿಂದ ತಟ್ಟುತ್ತಿದ್ದಳು. ಅವಳ ಅಂಗಳದಲ್ಲಿ ಮಾತಾಡಿಸಲು ಹೋದ ವಿದ್ಯಾರ್ಥಿಗಳಿಗೆ ಅವಳ ಮಾತಿನ ನಡುವೆ ಊಂ ಎನ್ನಲೂ ಜಾಗ ಸಿಕ್ಕಿರಲಿಲ್ಲ.

ಅವರು ಅಲ್ಲೇ ಚಿತ್ರ ತೆಗೆಯಬಹುದಿತ್ತು. ತೆಗೆಯಲಿಲ್ಲ. “ಇಷ್ಟು ಚೆನ್ನಾದ ಸ್ಟುಡಿಯೊ ಇಟ್ಟುಕೊಂಡು ಅಂಗಳದಲ್ಲಿ ತೆಗೆದರೆ, ಸ್ಟುಡಿಯೊ ಯಾಕೆ ಬೇಕಿತ್ತು ಅಂತ ಸಮಿತಿಯವರು ಕೇಳಲ್ವಾ ಸಾರ್?” ಎಂದರು. ಮೇಷ್ಟ್ರಿಗೂ ಒಳಗೊಳಗೇ ಆ ಕೆಂಪು ದೀಪದ ಆಸೆ. ಹೂಂ ಅಂದುಬಿಟ್ಟರು.

ಸಮಿತಿ ಬರುವುದಕ್ಕೆ ಮೂರು ದಿನ ಮುಂಚೆ ಕುಂಬಾರಗಿತ್ತಿ ನಾಲ್ಕು ಹಸಿ ಮಡಕೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದಳು. ಸ್ಟುಡಿಯೊದ ಬಾಗಿಲು ಮುಚ್ಚಿತು. ಅವಳು ಸುತ್ತಲೂ ನೋಡಿದಳು.

“ಯಾಕ್ರಪ್ಪಾ ಇಷ್ಟು ಸದ್ದಿಲ್ಲ. ಇಲ್ಲಿ ಯಾರಾರ ಹೋಗ್ಬುಟ್ರಾ?”

ಎಲ್ಲರೂ ನಕ್ಕರು. ಕೆಂಪು ದೀಪ ಹತ್ತಿತು. ಅವಳು ಸೆರಗು ಸರಿಮಾಡಿಕೊಂಡು, ತಾಲ್ಲೂಕು ಕಚೇರಿಯಲ್ಲಿ ಹೇಳಿಕೆ ಕೊಡುವವಳಂತೆ ನೆಟ್ಟಗೆ ಕೂತು ಹೇಳಿದಳು, “ನಮಸ್ಕಾರ. ನಾನು ಮಡಕೆ ಮಾಡುತ್ತೇನೆ. ಮಡಕೆ ತುಂಬಾ ಉಪಯೋಗ.” ಅಲ್ಲಿಗೆ ಮಾತು ನಿಂತಿತು. ಕೈ ನಿಲ್ಲಲಿಲ್ಲ, ಮೊದಲ ಮಡಕೆಗೆ ತಳ ಕೂಡಿತು. ಯಾಕೆ ಕೂಡಿತು, ಹೇಗೆ ಕೂಡಿತು, ಕ್ಯಾಮೆರಾಕ್ಕೂ ತಿಳಿಯಲಿಲ್ಲ.

“ಅಜ್ಜಿ, ಎಷ್ಟು ಜೋರಾಗಿ ತಟ್ಟಬೇಕು ಹೇಳಿ.”

“ಎಷ್ಟು ಬೇಕೋ ಅಷ್ಟು.”

“ಹದ ಬಂತು ಅಂತ ಹೇಗೆ ಗೊತ್ತಾಗುತ್ತೆ?”

“ಗೊತ್ತಾಯ್ತದೆ ಕಣ್ ಮಗ.”

ಹೇಳಬೇಕಾದ ಮಾತನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಎದುರಿಗೆ ಹಿಡಿದರು. “ನಂಗೆ ಓದಾಕ್ ಬರಾಕಿಲ್ಲ, ನೀನೇ ಓದ್ಬುಡು” ಎಂದಳು. ಈ ಗಲಾಟೆಯಲ್ಲಿ ದೀಪಗಳ ಕಾವಿಗೆ ಎರಡನೆಯ ಮಡಕೆ ಆರಿ ಬಿರಿದುಬಿಟ್ಟಿತು. ಉಳಿದದ್ದು ಎರಡು. ಅವನ್ನೂ ದೀಪ ಬಿಡುವಂತಿರಲಿಲ್ಲ. ಕುಂಬಾರಗಿತ್ತಿ ಕಲ್ಲು ಕೆಳಗಿಟ್ಟಳು. “ನನ್ನ ಕಳಿಸ್ಬುಡಿ ಸ್ವಾಮಿ. ಮನೇಲಿ ಬತ್ತದೆ ಮಾತು, ಇಲ್ಲಿ ಬರಾಕಿಲ್ಲ.” ಹನ್ನೊಂದು ಮಂದಿಯಲ್ಲಿ ಒಬ್ಬಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮೇಷ್ಟ್ರು ಅಷ್ಟು ಹೊತ್ತೂ ಹಿಂದೆ ನಿಂತಿದ್ದರು. ಬೂಟು ಕಳಚಿದರು. ಪ್ಯಾಂಟು ಮಡಿಸಿದರು. ಕ್ಯಾಮೆರಾದ ಹಿಂದಿದ್ದವಳಿಗೆ, “ಏನೇ ಆಗಲಿ, ನಿಲ್ಲಿಸಬೇಡ” ಎಂದು ಹೇಳಿ ಬೆಳಕಿಗೆ ಬಂದು ಕುಂಬಾರಗಿತ್ತಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಎರಡು ಮಡಕೆಯಲ್ಲಿ ಒಂದನ್ನು ಎತ್ತಿಕೊಂಡು, “ನಾನೊಂದು ತಟ್ಟಿ ನೋಡ್ಲಾ ಅಮ್ಮ?” ಎಂದರು.

“ನೋಡಿ ಸ್ವಾಮಿ, ಅದಕ್ಕೇನಂತೆ.”

ಮೇಷ್ಟ್ರು ಹಲಗೆಯನ್ನು ನೀರಿನ ಚೆಂಬಿಗೆ ಅದ್ದಿದರು. ಕುಂಬಾರಗಿತ್ತಿ ಅದನ್ನು ನೋಡಿದಳು, ತುಟಿ ಕಚ್ಚಿದಳು. ಅವರು ಒಳಗೆ ಕಲ್ಲು ಹಿಡಿದದ್ದು ಒಂದು ಕಡೆ, ಹೊರಗೆ ತಟ್ಟಿದ್ದು ಇನ್ನೊಂದು ಕಡೆ. ಒಂದು ಏಟಿಗೆ ಮಡಕೆ ನೆಗ್ಗಿತು. ಎರಡನೆಯ ಏಟಿಗೆ ಮಣ್ಣು ಹಲಗೆಗೆ ಅಂಟಿಕೊಂಡು ಎದ್ದು ಬಂತು.

“ಬೂದಿ ಎಲ್ಲಯ್ಯ?” ಎಂದಳು ಕುಂಬಾರಗಿತ್ತಿ.

“ಬೂದಿ ಯಾಕಮ್ಮ?”

“ಯಾಕೆ ಅಂತ ಕೇಳ್ತಾನಲ್ಲಪ್ಪ ಇವನು. ಹಲಗೆ ನೀರಿಗದ್ದಿ ತಟ್ಟಿದ್ರೆ ಮಣ್ಣು ಕಚ್ಕೊಳ್ದೆ ಇನ್ನೇನ್ ಮಾಡ್ತದೆ? ನಿಮ್ಮನೇಲಿ ರೊಟ್ಟಿ ತಟ್ಟೋರು ಹಿಟ್ಟು ಉದುರ್ಸಲ್ವಾ? ತಿನ್ನೋದೊಂದೇ ನೋಡಿದ್ಯಾ? ಕೊಡು ಇಲ್ಲಿ.”

ಹಲಗೆ ಕಿತ್ತುಕೊಂಡಳು. ಕೊನೆಯ ಮಡಕೆ ಎಳೆದುಕೊಂಡಳು. ತನ್ನ ಗಂಟಿನಿಂದ ಬೂದಿ ತೆಗೆದು ಹಲಗೆಗೆ ಸವರಿ, ಮೇಷ್ಟ್ರ ಎಡಗೈ ಹಿಡಿದು ಮಡಕೆಯೊಳಗೆ ತೂರಿಸಿ, ಕಲ್ಲಿನ ಮೇಲೆ ಒತ್ತಿದಳು. “ಕಣ್ಣು ಹೊರಗಿರ್ಲಿ, ಜೀವ ಒಳಗಿನ ಕೈಯಾಗಿರ್ಲಿ. ನಾನು ಎಲ್ಲಿ ಏಟು ಹಾಕ್ತೀನೋ ಅಲ್ಲಿಗೆ ಕಲ್ಲು ಮೊದಲೇ ಹೋಗಿರ್ಬೇಕು. ಆಮೇಲೆ ಹೋದ್ರೆ ಏನಾಯ್ತದೆ? ನೀನೀಗ ಮಾಡಿದ್ಯಲ್ಲ, ಅದಾಯ್ತದೆ. ತಕೋ, ಈಗ ಹಲಗೆ ನೀನೇ ಹಿಡಿ. ಸದ್ದು ಕೇಳು. ಪಚ್ ಅಂತೈತಲ್ಲ, ಇನ್ನೂ ಹಸಿ, ಮೆತ್ತಗೆ ತಟ್ಟು. ಈಗ ಕೇಳು, ಸದ್ದು ಗಟ್ಟಿಯಾಯ್ತು. ಈಗ ಬಿಗಿಯಾಗಿ ಹಾಕು. ಅಲ್ಲಲ್ಲ, ಸುತ್ತಿಗೆ ಬಡಿಯೋದಲ್ಲ ಕಣೋ, ಮಗೂನ ತಟ್ಟಿ ಮಲಗ್ಸಿಲ್ವಾ ನೀನು?”

ಅರ್ಧ ಗಂಟೆ ಮಾತು ನಿಲ್ಲಲಿಲ್ಲ. ಎಲ್ಲಿಯ ಮಣ್ಣು, ಅದಕ್ಕೆ ಎಷ್ಟು ಮರಳು, ಯಾವ ಗಾಳಿಗೆ ಮಡಕೆ ಸುಡುವ ಆವಿಗೆಗೆ ಬೆಂಕಿ ಹಚ್ಚಬಾರದು, ಎಲ್ಲ ಬಂತು. ನಡುವೆ ಒಮ್ಮೆ ಮೇಷ್ಟ್ರ ಮುಖ ನೋಡಿ, “ನೀನು ಇಲ್ಲಿ ಏನ್ ಕೆಲಸ ಮಾಡ್ತೀಯೋ?” ಎಂದಳು.

“ಪಾಠ ಹೇಳ್ತೀನಿ ಅಮ್ಮ.”

“ನೀನಾ,” ಎಂದು ಹೇಳಿ ಹಲಗೆಯನ್ನು ಮತ್ತೆ ತಾನೇ ತೆಗೆದುಕೊಂಡು ತಟ್ಟತೊಡಗಿದಳು.

ತಳ ಕೂಡಿತು. ಕೆಂಪು ದೀಪ ಆರಿತು.

ಮರುದಿನ ಚಿತ್ರವನ್ನು ಜೋಡಿಸಲು ಕೂತಾಗ ವಿದ್ಯಾರ್ಥಿಗಳು ತಡವರಿಸಿದರು. “ಸಾರ್, ನೀವು ಕೆಡಿಸಿದ ಭಾಗ ತೆಗೆದುಬಿಡೋಣ. ಅಜ್ಜಿ ಮಾತಷ್ಟೇ ಇರಲಿ. ಸಮಿತಿಯವರ ಮುಂದೆ ನಿಮ್ಮನ್ನ ಹೀಗೆ ತೋರಿಸೋದು...”

“ನನ್ನನ್ನ ತೆಗೆದರೆ ಅಜ್ಜಿ ಯಾರಿಗೆ ಬೈತಾರೆ?” ಎಂದರು ಮೇಷ್ಟ್ರು. “ಗೋಡೆಗಾ? ಒಂದು ಚೂರೂ ತೆಗೀಬೇಡಿ.”

ಸಮಿತಿಯಲ್ಲಿ ಮೂವರಿದ್ದರು. ಅವರಲ್ಲೊಬ್ಬರು ‘ಟೆಂಟ್ ಮೇಷ್ಟ್ರು’ ಎಂಬ ಹೆಸರಿಟ್ಟ ಗುಂಪಿನವರು. “ನೀನಾ” ಎಂಬ ಮಾತು ಬಂದಾಗ ಆತ ಕುರ್ಚಿ ಅಲುಗುವಂತೆ ನಕ್ಕರು. ಚಿತ್ರ ಮುಗಿದು ಬೆಳಕು ಹಾಕಿದಾಗ ಮಾತ್ರ ನಗುತ್ತಿರಲಿಲ್ಲ. ಅವರ ಎಡಗೈ ಬರಿಯ ಗಾಳಿಯಲ್ಲಿ ಒಂದು ಕಲ್ಲು ಹಿಡಿದಂತೆ ಬಾಗಿತ್ತು; ಬಲಗೈ ತೊಡೆಯ ಮೇಲೆ ಮೆತ್ತಗೆ ತಟ್ಟುತ್ತಿತ್ತು. ಅಧ್ಯಕ್ಷರು ಅದನ್ನು ನೋಡಿದರು. ಹೆಚ್ಚೇನೂ ಕೇಳದೆ ಸಹಿ ಹಾಕಿದರು.

ಹನ್ನೊಂದು ಮಂದಿಗೂ ಪದವಿ ಸಿಕ್ಕಿತು. ಆಮೇಲೆ ಸ್ನಾತಕೋತ್ತರ ತರಗತಿ ಬಂತು, ಬಾನುಲಿ ಕೇಂದ್ರ ಬಂತು, ಎರಡನೆಯ ಸ್ಟುಡಿಯೊ ಬಂತು. ಈಗ ಅಲ್ಲಿ ಓದಿದವರು ಹತ್ತಾರು ಊರುಗಳಲ್ಲಿ ಪಾಠ ಮಾಡುತ್ತಾರೆ. ಜೇನು ಸಾಕುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ಮಗ್ಗಕ್ಕೆ ನೂಲು ಏರಿಸುವುದು, ಹೀಗೆ ನೂರಾರು ಪಾಠಗಳು ಅಲ್ಲಿಂದ ಹೊರಟಿವೆ. ಮೇಷ್ಟ್ರು ಹೋಗಿ ವರ್ಷಗಳಾದವು. ಆದರೂ ಆ ವಿಭಾಗದಲ್ಲಿ ಒಂದು ಪದ್ಧತಿ ನಿಂತಿದೆ: ಪಾಠ ಹೇಳುವವರ ಜೊತೆಗೆ ಕಲಿಯುವವನೊಬ್ಬ ಚಿತ್ರದೊಳಗೆ ಇರಲೇಬೇಕು, ಅವನು ಮೊದಲು ತಪ್ಪಬೇಕು, ಆ ತಪ್ಪನ್ನು ಯಾರೂ ಕತ್ತರಿಸಬಾರದು. ಹೊಸದಾಗಿ ಸೇರಿದ ಅಧ್ಯಾಪಕರನ್ನೇ ಮೊದಲ ವರ್ಷ ಅಲ್ಲಿ ಕೂರಿಸುತ್ತಾರೆ. ಎಷ್ಟೋ ಪ್ರೊಫೆಸರುಗಳು ಆ ಸ್ಟುಡಿಯೊದಲ್ಲಿ ಬೈಸಿಕೊಂಡು ಹೊರಗೆ ಬಂದು ಕಾಫಿ ಕೇಳಿದ್ದಾರೆ.

ಅಂಬುಜಾಕ್ಷಿ ಮೇಡಂ ಕತೆ ನಿಲ್ಲಿಸಿ, ಸೂಟ್‌ಕೇಸಿನ ಮುಚ್ಚಳ ಒತ್ತಿ ಹಿಡಿದರು. ವಿನುತಾ ಎದ್ದು ಚಿಲಕ ಹಾಕಿಕೊಟ್ಟಳು. ಅವಳ ಎದೆ ಎಷ್ಟೋ ಹಗುರಾಗಿತ್ತು. ಚೀಲದಿಂದ ಪತ್ರ ತೆಗೆದು, ಮಡಿಕೆ ಬಿಡಿಸಿ, ಇಂದೇ ಕೊಟ್ಟುಬಿಡುತ್ತೇನೆಂದುಕೊಂಡಳು.

“ಅಲ್ಲಿಗೆ, ಗೊತ್ತಿಲ್ಲದೆ ಇದ್ದದ್ದೇ ಒಳ್ಳೇದಾಯ್ತು ಅನ್ನಿ ಮೇಡಂ,” ಎಂದಳು ನಗುತ್ತ. “ಆ ಮೇಷ್ಟ್ರಿಗೆ ಮಡಕೆ ತಟ್ಟೋದು ಗೊತ್ತಿದ್ದಿದ್ರೆ, ಅವತ್ತು ಆ ಪಾಠವೇ ಆಗ್ತಿರಲಿಲ್ಲ.”

ಮೇಡಂ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದರು.

“ಗೊತ್ತಿಲ್ಲದೆ ಏನಮ್ಮ, ಅವರು ಹುಟ್ಟಿ ಬೆಳೆದದ್ದೇ ಕುಂಬಾರರ ಮನೇಲಿ.”